ಅತ್ತೆಯ ಗೋಡೆಗೆ ಬೀಳುವ ಬಿಸಿಲು

ಕಮಲಾಪುರದ ನಮ್ಮ ಅತ್ತೆಯ ಮನೆಗೆ ಯಾರಾದರೂ ಮೊದಲ ಸಲ ಬಂದರೆ, ಕುಡಿಯಲು ನೀರು ಕೊಡುವ ಮೊದಲೇ ಅವಳು ಅವರನ್ನು ಬಾಗಿಲೆದುರಿನ ಗೋಡೆಯ ಮುಂದೆ ನಿಲ್ಲಿಸುತ್ತಿದ್ದಳು. ಅಲ್ಲೊಂದು ಗಾಜಿನ ಚೌಕಟ್ಟು.

"ಓದ್ರಿ," ಅನ್ನುತ್ತಿದ್ದಳು. "ನನ್ನ ಅಳಿಯ ಬರದಾನ. ಕಲಬುರಗ್ಯಾಗ ಅಂವನಂಥ ಅಕ್ಷರ ಬರಿಯೋರು ಯಾರೂ ಇಲ್ಲಂತ. ಓದ್ರಿ, ನಾಚಬ್ಯಾಡ್ರಿ."

ಬಂದವರು ಮುಂದಕ್ಕೆ ಬಾಗುತ್ತಿದ್ದರು. ಕನ್ನಡಕ ಏರಿಸಿ ನೋಡಿ, ಇಳಿಸಿ ನೋಡಿ, ಕೊನೆಗೆ ಅತ್ತೆಯ ಮುಖ ನೋಡುತ್ತಿದ್ದರು. ಓದುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಸುತ್ತ ಕರಿ ಗೆರೆಯ ಅಂಚು, ನಟ್ಟನಡುವೆ ದಪ್ಪ ಕರಿ ಅಕ್ಷರದಲ್ಲಿ ಅತ್ತೆಯ ಹೆಸರು. ಉಳಿದದ್ದೆಲ್ಲ ಬಿಳಿ ಹಾಳೆ. ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸುವ ಶ್ರದ್ಧಾಂಜಲಿ ಚೀಟಿ ಹೇಗಿರುತ್ತದೋ ಹಾಗೆ. ಒಂದು ಫೋಟೋ ಮಾತ್ರ ಕಡಿಮೆ.

"ಯಾಕ? ಸಾಲಿ ಕಲ್ತೋರ ಅದೀರಿ, ಓದಾಕ ಬರಲ್ಲೇನು?" ಎಂದು ಅತ್ತೆ ಕೇಳುವ ಹೊತ್ತಿಗೆ ಆ ಅಳಿಯ ಅಲ್ಲೇ ಮೂಲೆಯಲ್ಲಿ ಕುಳಿತಿದ್ದರೆ ಅವನ ಗತಿ ಏನು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಆ ಅಳಿಯ ನಾನೇ.

ಅತ್ತೆ ಎಂದರೆ ನಮ್ಮ ಅಪ್ಪನ ತಂಗಿ. ಅಲ್ಲಿನ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅರವತ್ತು ತುಂಬಿ ಕೆಲಸ ಬಿಟ್ಟಾಗ ಶಾಲೆಯವರು ಒಂದು ಮಾನಪತ್ರ ಕೊಟ್ಟರು. ಸೇವೆ ಮುಗಿಸಿದ ಸಾಹೇಬರಿಗೆ, ಮಾಸ್ತರರಿಗೆ ಶಾಲು ಹೊದಿಸಿ ಚೌಕಟ್ಟು ಹಾಕಿಸಿ ಕೊಡುತ್ತಾರಲ್ಲ, ಆ ಹೊಗಳಿಕೆಯ ಪತ್ರ. ಅಡುಗೆಯಾಕೆಗೆ ಅದನ್ನು ಕೊಟ್ಟದ್ದು ಆ ಶಾಲೆಯಲ್ಲಿ ಅದೇ ಮೊದಲು. ಒಕ್ಕಣೆ ಅಲ್ಲಿನ ದೊಡ್ಡ ಬಾಯಿಯವರದು. ಹೆಡ್‌ಮಿಸ್ಸನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಅಕ್ಷರ ನನ್ನದು. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆ ಖೂಬಾ ಪ್ಲಾಟಿನಲ್ಲಿ. ಮಾನಪತ್ರ ಬರೆಯುವುದು, ಮದುವೆಯ ಫಲಕ ಬರೆಯುವುದು, ಅಂಚಿಗೆ ಬಳ್ಳಿ ಬಿಡಿಸುವುದು ನನ್ನ ಹುಚ್ಚು. ಅಕ್ಷರ ನಾನು ಶಾಲೆಯಲ್ಲಿ ಕಲಿತೆ. ಮಾತು ಕಲಿತದ್ದು ಮಾತ್ರ ಈ ಅತ್ತೆಯ ಒಲೆಯ ಮುಂದೆ, ಅವಳು ರೊಟ್ಟಿ ಬಡಿಯುತ್ತಾ ಊರವರನ್ನೆಲ್ಲ ಅಣಕಿಸುವುದನ್ನು ಕೇಳುತ್ತಾ.

ಹಾಗಾಗಿ ಅವಳ ಪತ್ರಕ್ಕೆ ನನ್ನ ಬಳಿ ಇದ್ದ ಅತ್ಯಂತ ಚೆಂದದ ಮಸಿ ತೆಗೆದೆ. ನೇರಳೆ ಬಣ್ಣದ್ದು. ಮೂತಿ ಓರೆಯಾಗಿ ಕತ್ತರಿಸಿದ ನಿಬ್ಬಿನ ಇಂಕ್ ಪೆನ್ನಿಗೆ ತುಂಬಿ ಎಳೆದರೆ, ತೆಳು ಗೆರೆ ತಿಳಿಯಾಗಿ, ತಿರುವಿನಲ್ಲಿ ಬಣ್ಣ ಮಡುಗಟ್ಟಿ, ಒಂದೊಂದು ಅಕ್ಷರವೂ ನೇರಳೆಹಣ್ಣಿನ ಹಾಗೆ ಹೊಳೆಯುತ್ತಿತ್ತು. ಹೆಸರನ್ನೂ ಅಂಚನ್ನೂ ಮಾತ್ರ ಚಿತ್ರ ಬಿಡಿಸುವವರ ಗಟ್ಟಿ ಕರಿ ಮಸಿಯಿಂದ ಬರೆದೆ. ಆ ಮಸಿ ಹೇಗೂ ಅದೇ ವಾರ ಮೇಜಿನ ಮೇಲೆ ಬಂದು ಕೂತಿತ್ತು.

ಪತ್ರವನ್ನು ಅತ್ತೆ ಬಾಗಿಲೆದುರಿನ ಗೋಡೆಗೆ ಹಾಕಿದಳು. ಬಂದವರಿಗೆಲ್ಲ ಮೊದಲು ಅದೇ ಕಾಣಲಿ ಎಂದು. ಮಧ್ಯಾಹ್ನವಾದರೆ ಬಾಗಿಲಿನಿಂದ ಬಿಸಿಲು ನೇರ ಆ ಗೋಡೆಗೇ ಹೋಗಿ ಬೀಳುತ್ತದೆ. ಮೊದಲ ಬೇಸಿಗೆಗೆ ನೇರಳೆ ಹೋಗಿ ಗುಲಾಬಿಯಾಯಿತು. ಎರಡನೆಯದಕ್ಕೆ ಚಹಾ ಚೆಲ್ಲಿದ ಬಣ್ಣ. ಮೂರನೆಯ ವರ್ಷ ಹೋಳಿ ಹಬ್ಬಕ್ಕೆ ನಾನು ಹೋದಾಗ ಹೆಸರೂ ಅಂಚೂ ಉಳಿದು ಮಿಕ್ಕದ್ದೆಲ್ಲ ಹೋಗಿತ್ತು.

"ನೋಡು ಅಳಿಯಾ," ಎಂದಳು ಅತ್ತೆ, ಸಿಟ್ಟಿಲ್ಲದ ದನಿಯಲ್ಲಿ. ಸಿಟ್ಟು ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. "ಹೆಸರಿಗಿ ಪಕ್ಕಾ ಮಸಿ ಸಿಕ್ಕಿತ್ತು. ಮಾಡಿದ ಕೆಲಸಕ್ಕ ಸಿಗಲಿಲ್ಲೇನು?"

"ಬಿಸಲಿಗಿ ಹೋಗ್ಯಾದ ಅತ್ತಿ. ನನಗೇನ ಗೊತ್ತು ಹಿಂಗ ಹೋಗ್ತದಂತ?"

"ಸಾಹೇಬರಿಗಿ ಬರದ್ರ ಪಕ್ಕಾ ಮಸಿ, ರೊಟ್ಟಿ ಬಡಿಯಾಕಿಗಿ ಕಚ್ಚಾ ಮಸಿ. ಹಂಗೇನರ ಅದ ಏನು?"

"ಏ, ಇಲ್ಲತ್ತಿ! ಎಲ್ಲಾರಿಗೂ ಒಂದೇ ಮಸಿ."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡುವಾಗ ಕಣ್ಣು ಸಣ್ಣದು ಮಾಡುತ್ತಾಳಲ್ಲ, ಹಾಗೆ. ಆಮೇಲೆ ಚಹಾಕ್ಕೆ ಇಟ್ಟಳು.

ಕಲಬುರಗಿಗೆ ಮರಳುವ ಬಸ್ಸಿನಲ್ಲಿ ನನಗೆ ನೆನಪಾಯಿತು. ಆ ಕರಿ ಮಸಿ ಆ ವಾರ ನನ್ನ ಮೇಜಿನ ಮೇಲೆ ಯಾಕೆ ಬಂದಿತ್ತು? ನಮ್ಮ ಕಚೇರಿಯ ಸಾಹೇಬರು ನಿವೃತ್ತರಾಗುವವರಿದ್ದರು. ಅವರ ಮಾನಪತ್ರವನ್ನು ನಾನು ಮೊದಲಿನಿಂದ ಕೊನೆಯವರೆಗೆ ಆ ಮಸಿಯಲ್ಲೇ ಬರೆದಿದ್ದೆ. ಅದು ಇಂಕ್ ಪೆನ್ನಿಗೆ ಆಗಿಬರುವುದಿಲ್ಲ, ಗಂಟಲು ಕಟ್ಟಿಬಿಡುತ್ತದೆ. ಹಿಡಿಕೆಗೆ ಸಿಕ್ಕಿಸಿದ ಉಕ್ಕಿನ ನಿಬ್ಬನ್ನು ಅದ್ದಿ ಅದ್ದಿ, ನಾಲ್ಕು ಅಕ್ಷರಕ್ಕೊಮ್ಮೆ ಬಟ್ಟೆಯಿಂದ ಒರೆಸಿ ಒರೆಸಿ ಬರೆಯಬೇಕು. ಸಾಹೇಬರ ಪತ್ರಕ್ಕೆ ಎರಡು ದಿನ ಹಿಡಿದಿತ್ತು. ಅತ್ತೆಯದನ್ನು ಒಂದೇ ಕೂಡ್ರಿಕೆಯಲ್ಲಿ ಮುಗಿಸಿದ್ದೆ.

ನೇರಳೆ ಚೆಂದವೆಂದು ತೆಗೆದೆನೋ, ಬೇಗ ಮುಗಿಯುತ್ತದೆಂದು ತೆಗೆದೆನೋ? ಅಂಗಡಿಯವನ ಮೇಲೆ, ಮಸಿಯ ಕಂಪನಿಯ ಮೇಲೆ, ಬಿಸಿಲಿನ ಮೇಲೆ ಅನುಮಾನಪಡುವುದು ಸುಲಭ. ಅವತ್ತು ಬಸ್ಸಿನ ಕಿಟಕಿಗೆ ಒರಗಿ ಕೂತು ನನ್ನ ಮೇಲೆಯೇ ಅನುಮಾನಪಟ್ಟೆ. ಆ ಪತ್ರವನ್ನು ಮತ್ತೆ ಬರೆದುಕೊಡದೆ ಅತ್ತೆಯ ಕಣ್ಣಿಗೆ ನಾನು ಬೀಳುವಂತಿಲ್ಲ ಎಂಬುದು ಮಾತ್ರ ಖಚಿತವಾಯಿತು.

ಬರೆಯಬೇಕೆಂದರೆ ಒಕ್ಕಣೆ ಬೇಕು. ದೊಡ್ಡ ಬಾಯಿಯವರು ಬೇರೆ ಜಿಲ್ಲೆಗೆ ವರ್ಗವಾಗಿ ಹೋಗಿದ್ದರು, ಅವರ ಬಳಿ ಪ್ರತಿ ಇರಲಿಲ್ಲ. ನನ್ನ ಮೊಬೈಲಿನಲ್ಲಿದ್ದ ಫೋಟೋದಲ್ಲಿ ಗಾಜಿನ ಹೊಳಪೂ ನನ್ನದೇ ಬೋಳುತಲೆಯೂ ಕಾಣುತ್ತಿದ್ದವು, ಅಕ್ಷರ ಕಾಣುತ್ತಿರಲಿಲ್ಲ.

"ನನಗ ಬಾಯಿಪಾಠ ಅದ," ಎಂದಳು ಅತ್ತೆ ಮುಂದಿನ ಸಲ. ಸಾಕ್ಷರತೆಯ ತರಗತಿಯಲ್ಲಿ ಕಲಿತ ನಾಲ್ಕಕ್ಷರ ಕೂಡಿಸಿ ಓದುವಷ್ಟರಲ್ಲಿ ಅವಳಿಗೆ ಸಾಕಾಗುತ್ತಿತ್ತು. ಬಂದವರಿಂದ ಓದಿಸಿ ಓದಿಸಿ ಕೇಳಿಯೇ ಕಲಿತಿದ್ದಳು. ನಾನು ವಹಿ ತೆರೆದು ಕೂತೆ. ಮೊದಲ ನಾಲ್ಕು ಸಾಲು ನನಗೂ ನೆನಪಿದ್ದವು: ತಾಯಿಯಂತೆ ಉಣಬಡಿಸಿದರು, ನಗುಮೊಗದ ಸೇವೆ, ಇತ್ಯಾದಿ. ಎಲ್ಲರ ಮಾನಪತ್ರದಲ್ಲೂ ಇರುವ ಮಾತು. ಅಂಥವೇ ಇನ್ನೂ ಕೆಲವು ಸಾಲು ಹೇಳಿದ ಮೇಲೆ ಅತ್ತೆಯ ದನಿ ಬದಲಾಯಿತು.

"ಕಟ್ಟಗಿ ಹಸಿ ಇದ್ದ ದಿನಾನೂ ಹನ್ನೆರಡೂವರಿ ಗಂಟಿ ದಾಟಗೊಡಲಿಲ್ಲ. ಬರಕೊಂಡ್ಯಾ? ಬ್ಯಾಳ್ಯಾಗ ಹುಳ ಬಂದಾಗ ಸಾಹೇಬರ ಮುಂದ ಪರಾತ ಸುರುವಿ ತೋರಿಸಿದ್ರು. ಬರಕೋ. ಮೂಲ್ಯಾಗ ಬ್ಯಾರೆ ಕುಂಡ್ರತೀನಿ ಅಂದ ಹುಡುಗನ ಕೈ ಹಿಡದು ಸಾಲಿನ ನಡುವ ಕುಂಡರಿಸಿದ್ರು, ತಾವು ಅಂವನ ಬಾಜೂ ಕುಂತು ಉಂಡ್ರು."

ನಾನು ಪೆನ್ನು ನಿಲ್ಲಿಸಿದೆ. ಇದ್ಯಾವುದನ್ನೂ ಬರೆದ ನೆನಪು ನನಗಿಲ್ಲ. ತಪಾಸಣೆಗೆ ಬಂದ ಸಾಹೇಬರ ಮುಂದೆ ಅತ್ತೆ ಪರಾತದ ಅಗಲ ತಟ್ಟೆ ಸುರುವಿದ ಸಂಗತಿಯನ್ನು ದೊಡ್ಡ ಬಾಯಿಯವರು ಮಾನಪತ್ರದಲ್ಲಿ ಬರೆಸುವರೇ?

ಅತ್ತೆ ಹಿತ್ತಲಿಗೆ ಹೋದಾಗ ಚೌಕಟ್ಟು ಇಳಿಸಿ ಗಾಜು ಬಿಚ್ಚಿದೆ. ಮಸಿ ಹೋದರೂ ನಿಬ್ಬು ನಡೆದ ದಾರಿ ಹಾಳೆಯ ಮೈಮೇಲೆ ಉಳಿದಿರುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗಾಡಿ ಹೋದ ಜಾಡಿನಂತೆ ಸಣ್ಣ ತಗ್ಗು ಕಾಣುತ್ತದೆ. ಅಕ್ಷರ ಓದಲು ಬಾರದಿದ್ದರೂ ಸಾಲು ಎಣಿಸಬಹುದಿತ್ತು. ಹನ್ನೊಂದು. ಅತ್ತೆ ಹೇಳಿದ್ದು ಆಗಲೇ ಹದಿನೆಂಟಾಗಿತ್ತು.

"ಏನ ಎಣಿಸಾಕತ್ತಿ?" ಬಾಗಿಲಲ್ಲಿ ಅವಳ ದನಿ.

"ಅತ್ತಿ, ಪತ್ರದಾಗ ಹನ್ನೊಂದೇ ಸಾಲ ಇದ್ದವು. ನೀ ಹದಿನೆಂಟ ಹೇಳಿದಿ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಒಂದಿಷ್ಟೂ ಅಳುಕಲಿಲ್ಲ. "ಹನ್ನೊಂದು ಬಿಸಲಿಗಿ ಹೋದವು. ಉಳಿದ ಏಳು ನೀವು ಬರಿಲಾರದೇ ಬಿಟ್ಟಿದ್ರಿ."

ವಹಿ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಅವಳ ಏಳು ಸಾಲಿನ ಮೇಲೆ ನನಗೆ ಅನುಮಾನ, ನನ್ನ ಮಸಿಯ ಮೇಲೆ ಅವಳಿಗೆ ಅನುಮಾನ. ಇಬ್ಬರೂ ಸರಿಸಮ ಆದೆವು.

ಮರುದಿನ ಸಂಜೆ ಕಲಬುರಗಿಯ ಸೇಡಂ ರಸ್ತೆಯ ಸ್ಟೇಷನರಿ ಅಂಗಡಿಗೆ ಹೋದೆ. ನೇರಳೆ ಮಸಿ ಕೊಟ್ಟಿದ್ದ ಅಂಗಡಿ. ಮಾಲೀಕ ವಯಸ್ಸಾದವರು, ಕನ್ನಡ ಉರ್ದು ಎರಡನ್ನೂ ಒಂದೇ ಬಾಟಲಿಯಲ್ಲಿ ಕಲಸಿ ಮಾತಾಡುವವರು.

"ಪಕ್ಕಾ ಮಸಿ ಬೇಕ್ರಿ. ಈ ಸಲ ಮೋಸ ಆಗಬಾರದು."

"ತೌಬಾ! ಮೋಸ ಯಾರ ಮಾಡ್ಯಾರ್ರೀ? ಇದು ನೋಡ್ರಿ, ಸೌ ಟಕಾ ಪಕ್ಕಾ. ವಾಟರ್‌ಪ್ರೂಫ್. ನೀರಾಗ ಮುಳಗಸ್ರಿ, ಕುಛ್ ನಹೀ ಹೋತಾ."

"ಮಾನಪತ್ರ ಯಾರ ನೀರಾಗ ಮುಳಗಸ್ತಾರ? ಬಿಸಲಿಗಿ ತಡೀತದೋ ಇಲ್ಲೋ ಹೇಳ್ರಿ."

"ಬಿಸಲಿಗಿ ಛತ್ರಿ ಸಿಗ್ತಾವ ಸಾಬ್, ಬಾಜೂ ದುಕಾನದಾಗ."

ನಗು ಬಂತು, ಆದರೆ ತಡೆದುಕೊಂಡೆ. ನಾನು ಅಷ್ಟು ವರ್ಷ ಮಾಡಿದ್ದ ತಪ್ಪು ಅದೇ ಎಂದು ಅಲ್ಲೇ ಹೊಳೆಯಿತು. ನೀರಿಗೆ ಅಂಜದ ಮಸಿ ಬಿಸಿಲಿಗೂ ಅಂಜದು ಎಂದುಕೊಂಡಿದ್ದೆ. ಎರಡಕ್ಕೂ ಸಂಬಂಧವೇ ಇಲ್ಲ. ಬಣ್ಣ ನೀರಲ್ಲಿ ಕರಗಿದ ಮಸಿ ಬೇರೆ, ನುಣ್ಣಗೆ ಅರೆದ ಕರಿಪುಡಿ ತೇಲುವ ಮಸಿ ಬೇರೆ. ಮೊದಲನೆಯದನ್ನು ಬಿಸಿಲು ಕುಡಿದುಬಿಡುತ್ತದೆ, ಎರಡನೆಯದು ಹಾಳೆಯ ಮೇಲೆ ಮಣ್ಣಿನ ಹಾಗೆ ಕೂತುಬಿಡುತ್ತದೆ. ಬಾಟಲಿಯ ಚೀಟಿ ಇದನ್ನು ಹೇಳುವುದಿಲ್ಲ. ಹೇಳಿದರೂ ನಾನು ನಂಬುವ ಸ್ಥಿತಿಯಲ್ಲಿರಲಿಲ್ಲ.

ಅಂದಿನಿಂದ ಆ ಅಂಗಡಿಗೆ ಜೇಬಿನಲ್ಲಿ ಖಡು ಇಟ್ಟುಕೊಂಡು ಹೋಗತೊಡಗಿದೆ. ಖಡು ಎಂದರೆ ಶಾಲೆಯ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ. ಅದರ ಬುಡಕ್ಕಿಂತ ಸ್ವಲ್ಪ ಮೇಲೆ ಒಂದು ಹನಿ ಮಸಿ ಹಚ್ಚಿ, ಬಟ್ಟಲಲ್ಲಿ ಒಂದಿಷ್ಟು ನೀರು ಹಾಕಿ ನಿಲ್ಲಿಸಬೇಕು. ನೀರು ಏರುತ್ತಾ ಮಸಿಯ ಬಣ್ಣಗಳನ್ನು ಬಿಡಿಸುತ್ತದೆ. 'ಕಡುಗಪ್ಪು' ಎಂದು ಬರೆದ ಮಸಿಯೊಂದು ಖಡುವಿನ ಮೇಲೆ ಹಸಿರು, ಗುಲಾಬಿ, ನೀಲಿಯಾಗಿ ಒಡೆದು ನಿಂತಾಗ ಮಾಲೀಕರೂ ಕನ್ನಡಕ ಏರಿಸಿದರು.

"ಅರೇ! ಒಳಗ ಇಡೀ ಬಜಾರ ಅದ!"

"ನೋಡ್ರಿ ಮತ್ತ. ಇದನ್ನ ಕರೇದು ಅಂತ ಮಾರಾಕತ್ತೀರಿ."

"ನಾನೂ ಕರೇದು ಅಂತ ತಗೊಂಡೀನಿ ಸಾಬ್." ಅವರ ಮುಖ ನೋಡಿದರೆ ಸುಳ್ಳು ಅನ್ನಿಸಲಿಲ್ಲ. ಆದರೂ ಆ ದಿನಗಳಲ್ಲಿ ಯಾರ ಮುಖವನ್ನೂ ನಾನು ಪೂರ್ತಿ ನಂಬುತ್ತಿರಲಿಲ್ಲ. ಚಿತ್ರ ಬಿಡಿಸುವವರ ಆ ಕರಿ ಮಸಿಯ ಹನಿ ಮಾತ್ರ ಖಡುವಿನ ಬುಡದಲ್ಲೇ ಕೂತಿತ್ತು, ಏರಲೇ ಇಲ್ಲ. ಅತ್ತೆಯ ಹೆಸರನ್ನು ಉಳಿಸಿದ್ದರೂ ಅದನ್ನೂ ನಂಬಲಿಲ್ಲ. ಬಿಸಿಲು ನೋಡಲಿ ಎಂದೆ.

ಬಿಸಿಲಿಗೆ ಹಚ್ಚುವ ವಿಧಾನ ಸರಳ. ಒಂದೇ ಹಾಳೆಯ ಉದ್ದ ಪಟ್ಟಿಗಳನ್ನು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಮಸಿಯಲ್ಲಿ ಒಂದೇ ಸಾಲು ಬರೆಯುವುದು. ಅರ್ಧ ಸಾಲಿಗೆ ಕರಿ ಕಾಗದ ಮುಚ್ಚಿ ಅಂಟಿಸುವುದು. ತಿಂಗಳುಗಟ್ಟಲೆ ಬಿಸಿಲಿಗಿಟ್ಟು ಆಮೇಲೆ ಕರಿ ಕಾಗದ ಎತ್ತಿದರೆ, ಮುಚ್ಚಿದ್ದು ಎಷ್ಟು, ಬಿಸಿಲುಂಡದ್ದು ಎಷ್ಟು ಎಂದು ಅಕ್ಕಪಕ್ಕದಲ್ಲೇ ಗೊತ್ತಾಗುತ್ತದೆ. ನಮ್ಮ ಮಾಳಿಗೆಯ ಮೇಲೆ ಕಟ್ಟುತ್ತೇನೆ ಎಂದು ಅತ್ತೆಗೆ ಹೇಳಿದೆ.

"ಬ್ಯಾಡ. ಖೂಬಾ ಪ್ಲಾಟಿನ ಬಿಸಲ ನಿನ್ನ ಮಾತ ಕೇಳ್ತದ. ನನ್ನ ಗ್ವಾಡಿಮ್ಯಾಗ ಬೀಳೂ ಬಿಸಲಿಗೇ ಹಚ್ಚು, ನನ್ನ ಕಣ್ಣ ಮುಂದ."

ಹಚ್ಚಿದೆ. ಚೌಕಟ್ಟಿನ ಕೆಳಗೆ ಆರು ಪಟ್ಟಿ ಸಾಲಾಗಿ: ಆ ನೇರಳೆ, ಇಂಕ್ ಪೆನ್ನಿನ ನೀಲಿ, ಖಡುವಿನ ಮೇಲೆ ಒಡೆದ ಕಪ್ಪು, ಜೆಲ್ ಪೆನ್ನು, ಅಳಿಯುವುದೇ ಇಲ್ಲವೆಂದು ಮೈಮೇಲೆ ಬರೆದುಕೊಂಡ ಮಾರ್ಕರು, ಚಿತ್ರದವರ ಕರಿ ಮಸಿ. ಅತ್ತೆ ಸೊಂಟದ ಮೇಲೆ ಕೈ ಇಟ್ಟು ನೋಡಿ, "ಇನ್ನೊಂದು ನಂದು," ಎಂದು ಹಿತ್ತಲ ಆಚೆಯ ಬಾಳೆತೋಟಕ್ಕೆ ನಡೆದಳು. ಕಮಲಾಪುರದ ಕೆಂಬಾಳೆ. ಗೊನೆ ಇಳಿಸಿದ ಗಿಡದ ಕೊಯ್ದ ಬಾಯಿಂದ ಸೊನೆ ಹನಿಯುತ್ತಿತ್ತು. ಅದಕ್ಕೊಂದು ಕೆಮ್ಮಿನ ಔಷಧಿಯ ಖಾಲಿ ಬಾಟಲಿ ಹಿಡಿದಳು.

"ನನ್ನ ಮದವಿ ಸೀರಿಮ್ಯಾಗ ಇದರ ಕಲೆ ಅದ. ಎಷ್ಟ ಸಾಬಾಣ ಹಚ್ಚಿದ್ರೂ ಹೋಗಿಲ್ಲ. ಸೀರಿನೇ ಹರದು ಹೋಯ್ತು, ಕಲೆ ಹೋಗಲಿಲ್ಲ. ಇದರಲೇ ಬರಿ."

ಬಾಟಲಿಯಲ್ಲಿದ್ದದ್ದು ನೀರಿನಂತೆ ತಿಳಿಯಾಗಿತ್ತು. ಹಳ್ಳದ ದಂಡೆಯ ಜೊಂಡಿನ ಕಡ್ಡಿ ತಂದು ಮೂತಿಯನ್ನು ಓರೆಯಾಗಿ ಕೊಯ್ದು ಕಲಮು ಮಾಡಿಕೊಂಡೆ. ಉಕ್ಕಿನ ನಿಬ್ಬು ಕಲಬುರಗಿಯಲ್ಲೇ ಉಳಿದಿತ್ತು. ಅದ್ದಿ ಬರೆದರೆ ಹಾಳೆ ಒದ್ದೆಯಾಯಿತು, ಒಣಗಿತು. ಏನೂ ಇಲ್ಲ.

"ಅತ್ತಿ, ಇದು ನೀರ ಅದ."

"ತಡಿ. ನಿನ್ನ ಮಸಿ ಮದಲ ಕಂಡು ಆಮ್ಯಾಲ ಓಡಿ ಹೋಗ್ತದ. ಇದು ಮದಲ ಕಾಣಂಗಿಲ್ಲ."

ನಾನು ಊರಿಗೆ ಹೊರಡುವ ಹೊತ್ತಿಗೆ ಅಕ್ಷರಗಳು ಬೆಲ್ಲದ ಬಣ್ಣಕ್ಕೆ ಮೇಲೇಳತೊಡಗಿದ್ದವು. ಅತ್ತೆ ಹುಬ್ಬು ಹಾರಿಸಿದಳು.

ಇಲ್ಲಿ ಒಂದು ಸಂಗತಿ ಒಪ್ಪಿಕೊಳ್ಳಬೇಕು. ಉಳಿದ ಸೊನೆಯ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಬಂದು, ಅಂದೇ ಸಂಜೆ ಇಂಥವೇ ಏಳು ಪಟ್ಟಿಗಳನ್ನು ನಮ್ಮ ಮಾಳಿಗೆಯ ಮೇಲೂ ಕಟ್ಟಿದೆ. ಅತ್ತೆಗೆ ಹೇಳಲಿಲ್ಲ. ಅವಳು ತನ್ನ ಪಟ್ಟಿಯನ್ನು ಮಧ್ಯಾಹ್ನ ಸೆರಗಿನಿಂದ ಮರೆಮಾಡಿಯಾಳು ಎಂಬ ಗುಮಾನಿ ನನಗಿತ್ತು. ನನ್ನ ಮನೆಯಾಕೆ ಹಪ್ಪಳ ಒಣಹಾಕಲು ಬಂದವಳು ನೋಡಿ ಹೇಳಿದಳು: "ಅತ್ತಿ ಮ್ಯಾಲ ಪೊಲೀಸ ಕೆಲಸ ಮಾಡಾಕತ್ತೀರಿ. ನಿಮ್ಮ ಮ್ಯಾಲ ಯಾರ ಮಾಡ್ತಾರ?"

ಜೂನಿನಲ್ಲಿ ಮಿರಗದ ಮಳೆ ಇನ್ನೇನು ಬರುತ್ತದೆ ಅನ್ನುವಾಗ ಮಾಳಿಗೆಯ ಪಟ್ಟಿಗಳನ್ನು ಬಿಚ್ಚಿ, ಕವರಿನಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಹೋದೆ. ಗೋಡೆಯ ಪಟ್ಟಿಗಳ ಕರಿ ಕಾಗದವನ್ನು ಅತ್ತೆಯೇ ಒಂದೊಂದಾಗಿ ಎತ್ತಿದಳು. ನೇರಳೆ ಹೋಗಿತ್ತು. ನೀಲಿ ಹೋಗುವ ದಾರಿಯಲ್ಲಿತ್ತು. ಒಡೆದ ಕಪ್ಪು ಹಳೇ ಪಾಚಿಯ ಬಣ್ಣ. ಜೆಲ್ ಪೆನ್ನು ಪರವಾಗಿಲ್ಲ. ಅಳಿಯದ ಮಾರ್ಕರು ಹಳದಿಯಾಗಿ, ಅಕ್ಷರದ ಸುತ್ತ ಎಣ್ಣೆ ಜಿಡ್ಡು ಬಿಟ್ಟುಕೊಂಡಿತ್ತು. ಚಿತ್ರದವರ ಕರಿ ಮಸಿ ಮುಚ್ಚಿದ ಕಡೆಯೂ ಬಿಸಿಲುಂಡ ಕಡೆಯೂ ಒಂದೇ. ಕೊನೆಯದು ಸೊನೆ. ಕಂದು, ಒಂಚೂರು ತಿಳಿಯಾಗಿತ್ತು, ಆದರೆ ಇತ್ತು.

ಆಗ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಕವರು ತೆಗೆದೆ. ಮಾಳಿಗೆಯ ಆರು ಪಟ್ಟಿ ಗೋಡೆಯ ಆರಕ್ಕೆ ಸರಿಹೊಂದಿದವು. ಏಳನೆಯದು ಹೊಂದಲಿಲ್ಲ. ಅದೇ ಬಾಟಲಿಯ ಸೊನೆ, ಇಲ್ಲಿ ಕಂದು; ನಮ್ಮ ಮನೆಯದು ಇದ್ದಲಿನಂತೆ ಕಪ್ಪು.

"ಓಹೋ," ಎಂದಳು ಅತ್ತೆ. "ನನ್ನ ನಂಬಲಾರದೇ ಮನ್ಯಾಗ ಬ್ಯಾರೆ ಕಟ್ಟಿದ್ಯಾ? ಇರ್ಲಿ. ಇದರಾಗ ದುಕಾನದ ಮಸಿ ಕಲಸೀದಿ. ನನ್ನ ಸೊನಿ ಗೆದ್ರ ನಿನ್ನ ಮಸಿಗಿ ಅವಮಾನಂತ."

"ನಾ ಕಲಸಿಲ್ಲ! ನೀನೇ ಇಲ್ಲಿ ಒದ್ದಿ ಅರಬಿಲೇ ಒರಸೀದಿ. ಅದಕ್ಕ ತಿಳಿ ಆಗ್ಯಾದ."

"ನಾ ಯಾಕ ಒರಸಲಿ? ನನ್ನದ ನಾನೇ ಸೋಲಸ್ಲೇನು?"

ಅದೂ ನಿಜವೇ. ಇಬ್ಬರೂ ಎರಡು ಪಟ್ಟಿಗಳನ್ನು ಹಿಡಿದು ಎದುರುಬದುರು ಕೂತೆವು, ಗಡಿಯ ಕಲ್ಲಿಗಾಗಿ ಜಗಳವಾಡುವ ಅಣ್ಣತಮ್ಮಂದಿರ ಹಾಗೆ. ಕೊನೆಗೆ ಅತ್ತೆ ಕೇಳಿದಳು: "ಮನ್ಯಾಗ ಯಾತರಲೇ ಬರದಿ? ಕಡ್ಡಿಲೇ?"

"ಇಲ್ಲ, ನಿಬ್ಬಿಲೇ. ಹೊಸಾ ನಿಬ್ಬ. ಯಾ ಮಸೀನೂ ಹತ್ತಿರಲಿಲ್ಲ ಅದಕ್ಕ."

"ನಿಬ್ಬ ಯಾತರದು?"

"ಉಕ್ಕಿಂದು."

ಅವಳು ಎದ್ದು ಒಳಗೆ ಹೋಗಿ ಹಳೆಯ ಕಬ್ಬಿಣದ ಈಳಿಗೆಯನ್ನೂ ಒಂದು ಬಾಳೆಕಾಯಿಯನ್ನೂ ತಂದು ನನ್ನೆದುರು ಕೂತಳು. ಕಾಯಿ ಎರಡು ಹೋಳು ಮಾಡಿ, ಈಳಿಗೆಯ ಅಲಗಿಗೆ ಹತ್ತಿದ ಸೊನೆಯನ್ನು ನನ್ನ ಬಿಳಿ ಕರವಸ್ತ್ರ ಕಿತ್ತುಕೊಂಡು ಒರೆಸಿದಳು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಒರೆಸಿದ ಜಾಗ ಕರ್ರಗಾಗಿತ್ತು.

"ತ್ವಾಟದವರು ಸಾಲಿಗಿ ಗೊನಿ ಕೊಟ್ಟ ದಿನ ನಾ ಈಳಗಿ ಮುಟ್ಟತಿರಲಿಲ್ಲ. ತುಕ್ಕ ಹಿಡಿಲಾರದ ಸ್ಟೀಲಿನ ಚಾಕೂಲೇ ಹೆಚ್ಚತಿದ್ದೆ. ಪಲ್ಯ ಕರ್ರಗಾದ್ರ ಹುಡುಗರು ತಾಟ ಹಂಗೇ ಇಟ್ಟು ಏಳತಿದ್ವು. ಕಬ್ಬಿಣ ಕಂಡ್ರ ಇದಕ ಸಿಟ್ಟ ಬರ್ತದ. ನಿನ್ನ ಉಕ್ಕೂ ಕಬ್ಬಿಣಾನೇ. ಇಷ್ಟ ಗೊತ್ತಿಲ್ಲ, ಮಸಿ ಪರೀಕ್ಷಾ ಮಾಡಾಕ ಹೊಂಟಾನ!"

ನನಗೆ ನಾಚಿಕೆಯೂ ಸಂತೋಷವೂ ಒಟ್ಟಿಗೆ ಆದವು. ಆದರೆ ಅತ್ತೆ ನಗಲಿಲ್ಲ. ಚಿತ್ರದವರ ಕರಿ ಮಸಿಯ ಪಟ್ಟಿಯನ್ನು ಕೈಗೆತ್ತಿಕೊಂಡು ಗೋಡೆಯ ಚೌಕಟ್ಟಿನಲ್ಲಿದ್ದ ತನ್ನ ಹೆಸರಿನ ಪಕ್ಕ ಹಿಡಿದಳು. ನೋಡಿದಳು. ಮತ್ತೆ ನೋಡಿದಳು.

"ಎರಡೂ ಒಂದೇ ಮಸಿ."

"ಹೌದತ್ತಿ."

"ಅಂದ್ರ ಅವಾಗೂ ಇದು ನಿನ್ನ ಮನ್ಯಾಗ ಇತ್ತು. ನನಗ ಹೆಸರಿಗಿ ಮಾತ್ರ ಮುಟ್ಟಿಸಿದಿ. ಉಳಿದ ಬಾಟ್ಲಿ ಯಾರಿಗಿ ಹೋಯ್ತು?"

ಹೊರಗೆ ಯಾರೋ ಆಡಿನ ಮರಿಯನ್ನು ಕರೆಯುತ್ತಿದ್ದರು. ಶಹಾಬಾದ ಕಲ್ಲಿನ ನೆಲದ ಮೇಲೆ ಬಿಸಿಲು ನನ್ನ ಕಾಲಿನವರೆಗೂ ಬಂದಿತ್ತು. ಸುಳ್ಳು ಹೇಳಲು ಬಾಯಿ ತೆರೆದೆ. ಆ ಕಣ್ಣು ಸಣ್ಣದಾಗುವುದನ್ನು ಕಂಡು ಬಿಟ್ಟುಬಿಟ್ಟೆ.

"ಸಾಹೇಬರಿಗಿ."

"ಪೂರಾ ಪತ್ರ?"

"ಪೂರಾ. ಎರಡ ದಿನ ಕುಂತು ಬರದೆ. ತಪ್ಪಾದ್ರ ಏನಂತಾರೋ ಅಂತ ಅಂಜಿಕಿ ಇತ್ತು. ನಿನಗ ನೇರಳಿ ಚೆಂದ ಕಾಣ್ತದಂತ ತಗದೆ ಅತ್ತಿ. ಅದೂ ಖರೇನೇ. ಜಲ್ದಿ ಮುಗೀತದಂತನೂ ತಗದಿರಬಹುದು. ನನಗೇ ಗೊತ್ತಿಲ್ಲ."

ಅತ್ತೆ ಈಳಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದಳು, ತೊಳೆದಳು, ಒರೆಸಿ ಗೋಡೆಗೆ ಒರಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಹಂಗಾದ್ರ ಈ ಸಲ ನನಗೂ ಒಂದೀಟ ಅಂಜು."

ಅಂಜಿದೆ. ಮುಂದಿನ ಶನಿವಾರ ರಜೆ ಹಾಕಿ, ಮರದ ಹಲಗೆ, ಹಾಳೆ, ಮೂರು ಅಗಲದ ನಿಬ್ಬು, ಒರೆಸುವ ಬಟ್ಟೆ, ಹೊಸ ಕರಿ ಮಸಿಯ ಬಾಟಲಿ ಎಲ್ಲ ಕಟ್ಟಿಕೊಂಡು ಅವಳ ಮನೆಗೇ ಹೋದೆ. ಬಾಟಲಿಯನ್ನು ಖಡುವಿನ ಮೇಲೆ ಮತ್ತೊಮ್ಮೆ ನೋಡಿಯೇ ತಂದಿದ್ದೆ. ಅತ್ತೆ ಅದರ ಮುಚ್ಚಳ ತೆಗೆದು ಮೂಸಿ ನೋಡಿದಳು, ಯಾಕೆಂದು ನಾನು ಕೇಳಲಿಲ್ಲ. ಪಡಸಾಲೆಯಲ್ಲಿ ಎರಡು ದಿನ ಕ್ಯಾಲೆಂಡರಿನ ಹಿಂಬದಿಯ ಮೇಲೆ ಕೈ ಪಳಗಿಸಿಕೊಂಡು, ನಾಲ್ಕು ಅಕ್ಷರಕ್ಕೊಮ್ಮೆ ನಿಬ್ಬು ಒರೆಸುತ್ತಾ ಬರೆದೆ. ಅವಳು ಪಕ್ಕದಲ್ಲಿ ಕಾಳು ಆರಿಸುತ್ತಾ ಕಾವಲು ಕೂತಳು.

ಹನ್ನೊಂದನೆಯ ಸಾಲು ಮುಗಿದಾಗ ನಿಲ್ಲಿಸಿದೆ. ಆ ವಾರದ ನಡುವೆ ಒಂದು ಸಲ ದೊಡ್ಡ ಬಾಯಿಯವರಿಗೆ ಫೋನು ಮಾಡಿ, ಉಳಿದ ಏಳು ಸಾಲಿನ ಬಗ್ಗೆ ಕೇಳಿಬಿಡಬೇಕೆಂದು ನಂಬರು ಒತ್ತಿದ್ದೆ. ಕೇಳಿಯೂ ಬಿಟ್ಟಿದ್ದೆ. ಅವರು ನಕ್ಕು, "ಅದ್ಯಾವುದೂ ಪತ್ರದಾಗ ಇರಲಿಲ್ರಿ. ಬರಸೂ ಧೈರ್ಯ ನನಗಿರಲಿಲ್ಲ. ಆದ್ರ ಪರಾತ ಸುರುವಿದ್ದು ಖರೆ, ನಾ ಅಲ್ಲೇ ನಿಂತಿದ್ದೆ. ಆ ಹುಡುಗನ ಬಾಜೂ ಕುಂತು ಉಂಡದ್ದೂ ಖರೆ," ಎಂದಿದ್ದರು. ಅದನ್ನು ಅತ್ತೆಗೆ ಹೇಳಿರಲಿಲ್ಲ.

"ಯಾಕ ನಿಂತಿ?" ಎಂದಳು, ಮೊರದಿಂದ ತಲೆ ಎತ್ತದೆ.

"ನಿಂತಿಲ್ಲತ್ತಿ, ನಿಬ್ಬ ಒರಸಾಕತ್ತೀನಿ. ಕಟ್ಟಗಿ ಹಸಿ ಇದ್ದ ದಿನಾನೂ, ಆಮ್ಯಾಲ ಏನು?"

ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಹದಿನೆಂಟಾಯಿತು. ಹತ್ತೊಂಬತ್ತನೆಯದು ಹೇಳಲು ಬಾಯಿ ತೆರೆದವಳು ಹಾಳೆಯ ಕೆಳಗೆ ಉಳಿದ ಜಾಗ ನೋಡಿ, ತಾನೇ ಬೇಡವೆಂದು ಕೈಯಾಡಿಸಿದಳು.

ಹೆಸರಿನ ಜಾಗ ನಡುವೆ ಖಾಲಿ ಬಿಟ್ಟಿದ್ದೆ. ದಪ್ಪ ನಿಬ್ಬನ್ನು ಕರಿ ಮಸಿಗೆ ಅದ್ದುವಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಅದು ಬ್ಯಾಡ. ಹೆಸರ ನನ್ನ ಸೊನಿಲೇ ಬರಿ."

"ಅತ್ತಿ, ಅದು ಒಂದೀಟ ತಿಳಿ ಆಗ್ತದ. ನೀನೇ ನೋಡೀದಿ."

"ಆಗಲಿ. ಹೋದ್ರ ಹೆಸರ ಹೋಗ್ಲಿ, ಕೆಲಸ ಇರಲಿ. ಹ್ವಾದ ಸಲ ಉಲ್ಟಾ ಆಗಿತ್ತು."

ಸೊನೆಯ ಬಾಟಲಿ ಬೆಳಿಗ್ಗೆಯೇ ತುಂಬಿಸಿ ಇಟ್ಟಿದ್ದಳು ಎಂದು ಆಮೇಲೆ ತಿಳಿಯಿತು. ಉಕ್ಕಿನ ನಿಬ್ಬಿನಿಂದಲೇ ಬರೆ ಎಂದಳು, ಕರ್ರಗಾಗಲಿ ಎಂದು. ಬರೆದೆ. ಒದ್ದೆ ಹಾಳೆ, ತಿಳಿ ಬೂದು ಬಣ್ಣ, ಮತ್ತೇನಿಲ್ಲ. ನಾವಿಬ್ಬರೂ ಹಾಳೆಯ ಎರಡು ಬದಿಗೆ ಕೂತು ಹೆಸರು ಬರುವುದನ್ನು ಕಾದೆವು. ಬಂತು.

ಚೌಕಟ್ಟನ್ನು ಒಳಕೋಣೆಯ ಗೋಡೆಗೆ ಹಾಕೋಣ, ಅಲ್ಲಿ ಬಿಸಿಲು ಬರುವುದಿಲ್ಲ ಎಂದು ನಾನು ಬೇಡಿಕೊಂಡೆ. ಅತ್ತೆ ಕೇಳಲಿಲ್ಲ. ಅದೇ ಗೋಡೆ, ಅದೇ ಮೊಳೆ. ಮೇಲಾಗಿ ನನ್ನ ಚೀಲದಿಂದ ಒಂದು ತುಂಡು ಕರಿ ಕಾಗದ ತೆಗೆದು, ಗಾಜಿನ ಹೊರಗಡೆ, ಹೆಸರಿನ ಅರ್ಧಕ್ಕೂ ಅದರ ಮೇಲಿನ ಒಂದು ಸಾಲಿನ ಅರ್ಧಕ್ಕೂ ಮುಚ್ಚುವಂತೆ ಅಂಟಿಸಿದಳು. ಮೇಲಿನ ಅಂಚಿಗಷ್ಟೇ ಅಂಟು, ಎತ್ತಿ ನೋಡಲು ಬರುವ ಹಾಗೆ.

ಈಗಲೂ ಬಂದವರನ್ನು ಅಲ್ಲಿ ನಿಲ್ಲಿಸುತ್ತಾಳೆ, ಓದಿಸುತ್ತಾಳೆ. ಅವರು ಹದಿನೆಂಟು ಸಾಲು ಓದುತ್ತಾರೆ. ಪರಾತದ ಸಾಲಿಗೆ ಬಂದಾಗ ಒಮ್ಮೆ ತಿರುಗಿ ಅವಳನ್ನು ನೋಡುತ್ತಾರೆ. ನಡುವೆ ಈ ಕರಿ ಕಾಗದ ಯಾಕೆ ಎಂದು ಕೇಳುತ್ತಾರೆ. "ಅದು ನನ್ನ ಅಳಿಯಗ ಗೊತ್ತದ," ಅನ್ನುತ್ತಾಳಂತೆ.

ನಾನು ಹೋದ ದಿನ ಚಹಾ ಆಮೇಲೆ. ಮೊದಲು ಅವಳು ಕಾಗದದ ತುದಿ ಎತ್ತುತ್ತಾಳೆ. ನಾನು ಅವಳ ಭುಜದ ಹಿಂದಿನಿಂದ ಕತ್ತು ಚಾಚುತ್ತೇನೆ. ಮುಚ್ಚಿದ್ದು, ಬಿಸಿಲುಂಡದ್ದು, ಎರಡನ್ನೂ ಇಬ್ಬರೂ ನೋಡುತ್ತೇವೆ.

"ಈ ವರ್ಷಕ್ಕ ಅದ," ಎಂದು ಹೇಳಿ ಕಾಗದ ಬಿಡುತ್ತಾಳೆ.